ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೋ: ಪ್ಲಗ್ಗಿಗೆ ಹಾಕುವ ಮೊದಲು ಪವರ್ ಸಪ್ಲೈ, ಆಮೇಲೆ ಸ್ಪೀಕರ್

ಅಟ್ಟದಿಂದ ರೇಡಿಯೋ ಇಳಿಸಿದಿರಿ. ಧೂಳು ಒರೆಸಿದಿರಿ. ಮುಂದೆ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಪ್ಲಗ್ಗಿಗೆ.

ಬೇಡ. ನಾನು ಹಾಗೆ ಮಾಡಿ ಕೆಟ್ಟವನು. ಚಿಕ್ಕಪ್ಪನ ಮನೆಯ ಸೆಟ್ಟು, ಇಪ್ಪತ್ತು ವರ್ಷ ಮೂಲೆಯಲ್ಲಿ ಕೂತಿತ್ತು. ಪ್ಲಗ್ ಹಾಕಿದೆ. ಅರ್ಧ ನಿಮಿಷಕ್ಕೆ ಹಾಡಿತು! ಮನೆಮಂದಿಯೆಲ್ಲ ಬಂದು ಸುತ್ತ ನಿಂತರು. ಹತ್ತು ನಿಮಿಷಕ್ಕೆ ಸ್ವರ ಒಡೆಯಿತು, ಮೇಣ ಸುಟ್ಟ ವಾಸನೆ ಬಂತು, ಆಮೇಲೆ ಎಲ್ಲ ಮೌನ. ಬಿಚ್ಚಿ ನೋಡಿದರೆ ಸ್ಪೀಕರಿಗೆ ಸ್ವರ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕರಕಲು. ಕೊಂದದ್ದು ಚಹಾದ ಬೆಲೆಯೂ ಇಲ್ಲದ ಒಂದು ಕಂಡೆನ್ಸರ್ (ಈಗಿನವರ ಕೆಪಾಸಿಟರ್). ಕಂಪ್ಲೇಂಟ್ ಇದ್ದದ್ದು ಒಂದು ಕಡೆ, ಸತ್ತದ್ದು ಸ್ಪೀಕರಿನ ಕಡೆ. ಅದಕ್ಕೇ ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೇನೆ. ಬ್ಯಾಂಡ್ ಸ್ವಿಚ್, ಕಾಯಿಲ್, ಟ್ಯೂನಿಂಗ್ ದಾರದ ಗೋಜಿಗೆ ಇವತ್ತು ಹೋಗುವುದಿಲ್ಲ.

ನಿಮ್ಮದು ಯಾವ ಜಾತಿಯ ಸೆಟ್ಟು?

ಹಿಂದಿನ ರಟ್ಟು ತೆಗೆಯಿರಿ. ವಾಲ್ವ್‌ಗಳ, ಅಂದರೆ ಒಳಗೆ ಸಾಲಾಗಿ ನಿಂತ ಗಾಜಿನ ಕೊಳವೆಗಳ, ಮೇಲಿನ ಹೆಸರು ಓದಿ. ಅಕ್ಷರಗಳು ಮಾಸಿದ್ದರೆ ಒರೆಸಲು ಹೋಗಬೇಡಿ, ಇದ್ದದ್ದೂ ಅಳಿಸಿಹೋಗುತ್ತದೆ. ಬಾಯಿಂದ ಹಬೆ ಊದಿ ಓರೆಯಾಗಿ ಬೆಳಕಿಗೆ ಹಿಡಿದರೆ ಸಾಮಾನ್ಯವಾಗಿ ಕಾಣುತ್ತದೆ. ಮೊದಲ ಅಕ್ಷರವೇ ಅರ್ಧ ಕಥೆ ಹೇಳುತ್ತದೆ.

'ಇ' ಇದ್ದರೆ, ಅಂದರೆ ಇಸಿಎಚ್81, ಇಬಿಎಫ್89, ಇಎಲ್84 ಅಥವಾ ಇಸಿಎಲ್82, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇಝಡ್80 ಹೀಗೆ, ಅದು ಬಹುಪಾಲು ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್ಟು. ಹೀಟರಿಗೆ, ಅಂದರೆ ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಗೆ, 6.3 ವೋಲ್ಟ್.

'ಯು' ಇದ್ದರೆ, ಯುಸಿಎಚ್81, ಯುಬಿಎಫ್89, ಯುಸಿಎಲ್82, ಯುವೈ85, ಅದು ಎಸಿ/ಡಿಸಿ ಸೆಟ್ಟು. ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ. ಎಲ್ಲ ಹೀಟರುಗಳೂ ದೀಪಾವಳಿಯ ಸೀರಿಯಲ್ ಸೆಟ್ಟಿನ ಹಾಗೆ ಒಂದರ ಹಿಂದೆ ಒಂದು. 100 ಮಿಲಿಆಂಪ್ ಎಲ್ಲದರ ಮೂಲಕ ಹರಿಯುತ್ತದೆ. ಯಾಕೆ ಹೀಗೆ ಮಾಡುತ್ತಿದ್ದರು? ಬೆಂಗಳೂರಿಗೆ 1905ರಲ್ಲಿ ಶಿವನಸಮುದ್ರದಿಂದ ಬಂದದ್ದು ಎಸಿ ಕರೆಂಟು. ಆದರೆ ಕೋಲ್ಕತ್ತದಂಥ ಊರಿನ ಹಳೇ ಬೀದಿಗಳಲ್ಲಿ ದಶಕಗಳ ಕಾಲ ಡಿಸಿ ಇತ್ತು. ಎರಡಕ್ಕೂ ಓಡುವ ಸೆಟ್ಟು ಮಾಡಿದರೆ ಎಲ್ಲ ಕಡೆ ಮಾರಬಹುದು. ಟ್ರಾನ್ಸ್‌ಫಾರ್ಮರಿನ ತಾಮ್ರದ ಖರ್ಚೂ ಉಳಿಯಿತು.

'ಡಿ' ಇದ್ದರೆ, ಡಿಕೆ96, ಡಿಎಫ್96, ಡಿಎಎಫ್96, ಡಿಎಲ್96, ಅದು ಬ್ಯಾಟರಿ ಸೆಟ್ಟು. ಕರೆಂಟು ಬಾರದ ಹಳ್ಳಿಗಳಿಗೆ ಹೋದದ್ದು ಇಂಥವೇ. ಇದರ ವಿಷಯ ಚಿಕ್ಕದು, ಕೊನೆಗೆ ಹೇಳುತ್ತೇನೆ.

ವಾಲ್ವ್ ಮೇಲೆ ಬಿಇಎಲ್ ಅಂತ ಕಂಡರೆ ಅದು ನಮ್ಮ ಜಾಲಹಳ್ಳಿಯದು. ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಜೊತೆ ಸೇರಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತು. ಕೈಗೆ ಸಿಕ್ಕರೆ ಎತ್ತಿಡಿ, ಒಳ್ಳೇ ಮಾಲು.

ಶಾಕ್ ಹೊಡೆಯುವ ಚಾಸಿ

ಇಲ್ಲಿ ಸ್ವಲ್ಪ ನಿಧಾನ ಓದಿ. ಎಸಿ/ಡಿಸಿ ಸೆಟ್ಟಿನಲ್ಲಿ ಕರೆಂಟಿನ ಒಂದು ತಂತಿ ನೇರ ಚಾಸಿಗೇ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆಗೇ, ಕೂಡಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿ ಫೇಸ್ ಆಗುತ್ತದೆ. ನಾಬ್ ಬಿದ್ದುಹೋದ ಕಡ್ಡಿ, ನಾಬಿನ ಪುಟ್ಟ ಸ್ಕ್ರೂ, ಹಿಂದಿನ ರಟ್ಟಿನ ತೂತು, ಎಲ್ಲವೂ 230 ವೋಲ್ಟ್. ಹಳೇ ಮೆಕ್ಯಾನಿಕ್‌ಗಳು ನಾಬಿನ ಸ್ಕ್ರೂ ತೂತಿಗೆ ಮೇಣ ತುಂಬುತ್ತಿದ್ದದ್ದು ಸುಮ್ನೆ ಅಲ್ಲ.

ಇನ್ನೊಂದು ಮೋಸ ಇದೆ. ಕೆಲವು ಸೆಟ್ಟುಗಳಲ್ಲಿ ಆನ್-ಆಫ್ ಸ್ವಿಚ್ ಇರುವುದು ಚಾಸಿಗೆ ಹೋಗುವ ತಂತಿಯಲ್ಲಿ. ಆಗ ಫೇಸ್ ಆ ಕಡೆ ಇಲ್ಲ, ಸರಿಯಾಗೇ ಪ್ಲಗ್ ಹಾಕಿದ್ದೇನೆ ಅಂದುಕೊಂಡು ಸ್ವಿಚ್ ಆಫ್ ಮಾಡುತ್ತೀರಿ. ಆಫ್ ಮಾಡಿದ ಕೂಡಲೇ ಹೀಟರುಗಳ ಸಾಲಿನ ಮೂಲಕ ಚಾಸಿಗೆ ಫೇಸ್ ಬಂದು ಕೂರುತ್ತದೆ. ಆನ್ ಇದ್ದಾಗ ಸುರಕ್ಷಿತ, ಆಫ್ ಇದ್ದಾಗ ಶಾಕ್! ಹಾಗಾಗಿ ಕೈ ಹಾಕುವ ಮುಂಚೆ ಸ್ವಿಚ್ ಅಲ್ಲ, ಪ್ಲಗ್ಗೇ ಕಿತ್ತಿರಬೇಕು.

ಟ್ರಾನ್ಸ್‌ಫಾರ್ಮರ್ ಕಂಡ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಅಲ್ಲ. ಕೆಲವುದರಲ್ಲಿ ಇರುವುದು ಆಟೋ ಟ್ರಾನ್ಸ್‌ಫಾರ್ಮರ್, ಒಂದೇ ಸುರುಳಿಯದು, ಅದು ಸೆಟ್ಟನ್ನು ಕರೆಂಟಿನಿಂದ ಬೇರೆ ಮಾಡುವುದಿಲ್ಲ. ಪರೀಕ್ಷೆ ಸುಲಭ. ಪ್ಲಗ್ ಕಿತ್ತು, ರೇಡಿಯೋದ ಸ್ವಿಚ್ ಆನ್ ಮಾಡಿ, ಮೀಟರನ್ನು ಓಮ್‌ಗೆ ಇಟ್ಟು ಪ್ಲಗ್ಗಿನ ಒಂದೊಂದೇ ಪಿನ್ನಿನಿಂದ ಚಾಸಿಗೆ ಅಳೆಯಿರಿ. ಮೆಗಾಓಮ್‌ಗಳಲ್ಲಿ ತೋರಿಸಿದರೆ ಚಾಸಿ ಬೇರೆ, ಕರೆಂಟು ಬೇರೆ. ಕೆಲವು ಓಮ್ ಅಥವಾ ನೂರಾರು ಓಮ್ ತೋರಿಸಿದರೆ ಅದು ಶಾಕ್ ಹೊಡೆಯುವ ಚಾಸಿಯೇ ಅಂತ ತಿಳಿಯಿರಿ.

ಇಂಥ ಸೆಟ್ಟನ್ನು ಬೆಂಚಿನ ಮೇಲೆ ಓಡಿಸಲು ಅದನ್ನು ಮನೆಯ ಕರೆಂಟಿನಿಂದ ಬೇರೆ ಮಾಡುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕು. 230ಕ್ಕೆ 230, 100 ವಿಎ ಸಾಕು. ಸಿಗದಿದ್ದರೆ 230/24ರ ಎರಡು ಒಂದೇ ಥರದ ಟ್ರಾನ್ಸ್‌ಫಾರ್ಮರ್ ತಂದು 24ರ ಕಡೆಗಳನ್ನು ಒಂದಕ್ಕೊಂದು ಜೋಡಿಸಿ. ಎರಡನೆಯದರ 230ರ ಕಡೆಯಿಂದ ಸ್ವಲ್ಪ ಕಡಿಮೆ ವೋಲ್ಟೇಜ್ ಬರುತ್ತದೆ, ಹಳೇ ಸೆಟ್ಟಿಗೆ ಅದು ಒಳ್ಳೆಯದೇ. ಇದೂ ಇಲ್ಲ ಅಂದರೆ ಎಸಿ/ಡಿಸಿ ಸೆಟ್ಟಿನ ಕೆಲಸ ಕೈಗೆತ್ತಿಕೊಳ್ಳಬೇಡಿ. ಇದರಲ್ಲಿ ಮಾತ್ರ ನಾನು ಹಟಮಾರಿ.

ಚಾಸಿ ಬೇರೆಯೇ ಇರುವ ಎಸಿ ಸೆಟ್ಟಿಗೆ ಹಳೇ ಬಟ್ಟೆ ಸುತ್ತಿದ ವೈರ್ ತೆಗೆದು ಮೂರು ಎಳೆಯ ವೈರ್ ಹಾಕಿ, ಹಸಿರು ಎಳೆಯನ್ನು ಚಾಸಿಗೆ ಕೂಡಿಸಿ. ಶಾಕ್ ಹೊಡೆಯುವ ಚಾಸಿಗೆ ಯಾವತ್ತೂ ಅರ್ತ್ ಕೊಡಬಾರದು. ಇನ್ನೊಂದು ಎಚ್ಚರಿಕೆ: ಯುದ್ಧಕ್ಕೆ ಮುಂಚಿನ ಕೆಲವು ಅಮೆರಿಕನ್ ಸೆಟ್ಟುಗಳಲ್ಲಿ ಪ್ಲಗ್ಗಿನ ವೈರೇ ರೆಸಿಸ್ಟರ್. ಓಡುವಾಗ ಬಿಸಿಯಾಗುತ್ತದೆ. ಉದ್ದ ಜಾಸ್ತಿ ಆಯ್ತು ಅಂತ ಕತ್ತರಿಸಿದರೆ ವಾಲ್ವ್‌ಗಳು ಒಟ್ಟಿಗೆ ಹೋಗುತ್ತವೆ. ಒಳಗೆ ಆಸ್ಬೆಸ್ಟಾಸ್ ನಾರು ಇರುತ್ತದೆ, ಬಿಡಿಸಿ ನೋಡಲೂ ಬೇಡಿ.

ಕರೆಂಟಿಲ್ಲದೆ ಮಾಡುವ ಅಳತೆಗಳು

ಒಂದು ಸಾಧಾರಣ ಡಿಜಿಟಲ್ ಮೀಟರ್ ಸಾಕು. ಮೊದಲು ಎಚ್‌ಟಿ (ಹೈ ಟೆನ್ಶನ್, ಅಂದರೆ ವಾಲ್ವ್‌ಗಳಿಗೆ ಹೋಗುವ ಹೆಚ್ಚಿನ ಡಿಸಿ ವೋಲ್ಟೇಜ್) ಕಂಡೆನ್ಸರಿನ ಎರಡು ತುದಿಗೆ 10 ಕಿಲೋಓಮ್, 5 ವಾಟ್ ರೆಸಿಸ್ಟರನ್ನು ಕ್ಲಿಪ್ಪಿನಲ್ಲಿ ಹತ್ತು ಸೆಕೆಂಡು ಹಿಡಿದು ಖಾಲಿ ಮಾಡಿ. ವರ್ಷಗಟ್ಟಲೆ ಓಡದ ಸೆಟ್ಟಿಗೆ ಇದು ಬೇಕಿಲ್ಲ, ಆದರೂ ಕೈಗೆ ಅಭ್ಯಾಸವಾಗಲಿ. ಸ್ಕ್ರೂಡ್ರೈವರಿನಿಂದ ಚಟಾರ್ ಅನ್ನಿಸುವುದು ಸಿನಿಮಾಕ್ಕೆ ಚೆನ್ನ.

ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ಕೆಲವು ಹತ್ತು ಓಮ್ ಬರಬೇಕು. ಎಚ್‌ಟಿ ವೈಂಡಿಂಗಿನ ಎರಡು ಅರ್ಧಗಳು ಹೆಚ್ಚುಕಡಿಮೆ ಒಂದೇ ಸಮ, ನೂರಾರು ಓಮ್. ಎರಡೂ ಹತ್ತಿರದಲ್ಲಿದ್ದರೆ ಟ್ರಾನ್ಸ್‌ಫಾರ್ಮರ್ ಬದುಕಿದೆ ಅಂತ ಧೈರ್ಯ ತಂದುಕೊಳ್ಳಬಹುದು. ಹಿಂದೆ ವೋಲ್ಟೇಜ್ ಆರಿಸುವ ಪಟ್ಟಿ ಇದ್ದರೆ ಅದನ್ನು ಅತಿ ಹೆಚ್ಚಿನದಕ್ಕೆ, 245 ಇದ್ದರೆ ಅದಕ್ಕೇ ಇಡಿ. ಯಾರೋ ಪುಣ್ಯಾತ್ಮರು 1970ರಲ್ಲಿ ವೋಲ್ಟೇಜ್ ಕಡಿಮೆ ಬರುತ್ತೆ ಅಂತ 200ಕ್ಕೆ ಇಟ್ಟು ಹೋಗಿರುತ್ತಾರೆ. ಈಗ ಬರುವುದು 230, ರಾತ್ರಿ ಹೊತ್ತು 240ರ ಮೇಲೆ.

ಎಸಿ/ಡಿಸಿ ಸೆಟ್ಟಿನ ಲೆಕ್ಕ ಬಹಳ ಚೆಂದ. ಹೀಟರುಗಳಿಗೆ ಯುಸಿಎಚ್81ಕ್ಕೆ 19 ವೋಲ್ಟ್, ಯುಬಿಎಫ್89ಕ್ಕೆ 19, ಯುಸಿಎಲ್82ಕ್ಕೆ 50, ಯುವೈ85ಕ್ಕೆ 38. ಒಟ್ಟು 126. ಬರುವುದು 230. ಉಳಿದ 104 ವೋಲ್ಟನ್ನು ಒಂದು ದಪ್ಪ ಡ್ರಾಪರ್ ರೆಸಿಸ್ಟರ್ ತಿನ್ನುತ್ತದೆ. 104 ಭಾಗಿಸು 0.1, ಅಂದರೆ 1040 ಓಮ್. ಅದು ಕಾಯುವುದು ಹತ್ತು ವಾಟ್‌ಗಿಂತ ಮೇಲೆ. ಹಳೇ ರೇಡಿಯೋದ ಮೇಲೆ ಬೆಕ್ಕು ಬೆಚ್ಚಗೆ ಮಲಗುತ್ತಿದ್ದದ್ದು ಇದೇ ಕಾರಣಕ್ಕೆ. ಡ್ರಾಪರಿನ ಒಂದು ಭಾಗ ತುಂಡಾಗಿದ್ದರೆ ಆ ಭಾಗದಷ್ಟೇ ಓಮ್‌ನ ವೈರ್‌ವೌಂಡ್ ರೆಸಿಸ್ಟರ್ ಹಾಕಿ. ಕಾಯುವ ವಾಟ್‌ನ ಎರಡು ಪಟ್ಟಾದರೂ ತಾಳುವುದು ಇರಲಿ. ರಟ್ಟಿಗೂ ಮೇಣದ ಕಂಡೆನ್ಸರಿಗೂ ತಾಗದ ಹಾಗೆ ನಿಲ್ಲಿಸಿ.

ಪ್ಲಗ್ಗಿನಲ್ಲಿ ಏನೂ ತೋರಿಸದಿದ್ದರೆ ಸಾಲು ಎಲ್ಲೋ ಕಡಿದಿದೆ. ಒಂಬತ್ತು ಪಿನ್ನಿನ ಈ ವಾಲ್ವ್‌ಗಳಲ್ಲಿ ಹೀಟರ್ ಇರುವುದು 4 ಮತ್ತು 5ನೇ ಪಿನ್ನಿನಲ್ಲಿ. ಒಂದೊಂದೇ ತೆಗೆದು ಅಳೆಯಿರಿ. ತಣ್ಣಗಿದ್ದಾಗ ಲೆಕ್ಕಕ್ಕಿಂತ ತುಂಬಾ ಕಡಿಮೆ ಓಮ್ ಬರುತ್ತದೆ, ಗಾಬರಿ ಬೇಡ. ಬಿಸಿಯಾದಾಗ ಅದೇ ಏರುತ್ತದೆ.

ಯುವೈ85 ಸತ್ತಿದ್ದರೆ ಒಂದು 1ಎನ್4007 ಡಯೋಡ್ ಹಾಕಿ ಮುಗಿಸಿಬಿಡೋಣ ಅಂತ ಅನ್ನಿಸುತ್ತದೆ, ಅಲ್ವಾ? ಹಾಕಬಹುದು, ಆದರೆ ಎರಡು ಸಾಲ ತೀರಿಸಬೇಕು. ಹೀಟರ್ ಸಾಲಿನಲ್ಲಿ ಅದು ತಿನ್ನುತ್ತಿದ್ದ 38 ವೋಲ್ಟಿಗೆ ಬದಲಾಗಿ 380 ಓಮ್, 10 ವಾಟ್ ರೆಸಿಸ್ಟರ್ ಬೇಕು. ಡಯೋಡಿನ ಜೊತೆ ಸೀರೀಸಿನಲ್ಲಿ 100ರಿಂದ 220 ಓಮ್, 5 ವಾಟ್ ಬೇಕು. ಇಲ್ಲದಿದ್ದರೆ ಎಚ್‌ಟಿ ಏರುತ್ತದೆ. ಡಯೋಡ್ ವಾಲ್ವಿನ ಹಾಗೆ ಬಿಸಿಯಾಗಲು ಕಾಯುವುದಿಲ್ಲ, ಸ್ವಿಚ್ ಒತ್ತಿದ ಕ್ಷಣಕ್ಕೇ ಪೂರ್ತಿ ವೋಲ್ಟೇಜ್ ಕೊಡುತ್ತದೆ. ಹಳೇ ಕಂಡೆನ್ಸರುಗಳಿಗೆ ಅದು ಹೊಡೆತ.

ಈಗ ಸ್ಪೀಕರ್ ಕಡೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ, ಅಂದರೆ ವಾಲ್ವ್ ಕಡೆಯ ಸುರುಳಿ, ಕೆಲವು ನೂರು ಓಮ್ ತೋರಿಸಬೇಕು. ಸ್ಪೀಕರ್ ಕಡೆಯ ಸೆಕೆಂಡರಿ ಒಂದು ಓಮ್‌ಗೂ ಕಡಿಮೆ. ಸ್ಪೀಕರ್ ಅಳೆಯುವಾಗ ಅದರ ಒಂದು ತಂತಿ ಬಿಚ್ಚಲೇಬೇಕು, ಇಲ್ಲದಿದ್ದರೆ ನೀವು ಅಳೆಯುವುದು ಸೆಕೆಂಡರಿಯನ್ನೇ. 3.2 ಓಮ್ ಸ್ಪೀಕರ್ ಮೀಟರಿನಲ್ಲಿ ಎರಡೂವರೆ ಓಮ್‌ನ ಆಸುಪಾಸು ತೋರಿಸುತ್ತದೆ. ಒಂದೂವರೆ ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. 'ಟಕ್' ಅಂದು ಕೋನ್ ಹಾರಿದರೆ ಜೀವ ಇದೆ. ಸ್ಪೀಕರ್ ನೂರಾರು ಓಮ್ ತೋರಿಸಿದರೆ ಎಸೆಯಬೇಡಿ. ಫಿಲಿಪ್ಸ್ ಯುರೋಪಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಇಲ್ಲದ ಸೆಟ್ಟುಗಳನ್ನು ಮಾಡಿತ್ತು, ಅವುಗಳ ಸ್ಪೀಕರೇ 800 ಓಮ್.

ಬದಲಿಸಲೇಬೇಕಾದ ಕಂಡೆನ್ಸರುಗಳು

ಎಲ್ಲ ಕಂಡೆನ್ಸರ್ ಕಿತ್ತು ಹೊಸದು ಹಾಕುವವರಿದ್ದಾರೆ. ನಾನು ಆ ಪಂಗಡದವನಲ್ಲ. ಮೈಕಾ, ಸೆರಾಮಿಕ್ ಸಾಮಾನ್ಯವಾಗಿ ಸರಿಯಾಗಿರುತ್ತವೆ, ಟ್ಯೂನಿಂಗ್ ಕೆಡಿಸಿಕೊಳ್ಳುವುದು ಯಾಕೆ. ಮೇಣ ಅಥವಾ ಡಾಂಬರು ಬಳಿದ ಪೇಪರ್ ಕಂಡೆನ್ಸರುಗಳನ್ನು ಮಾತ್ರ ನಂಬಬೇಡಿ. ಅವುಗಳಲ್ಲೂ ನಾಲ್ಕು ಜಾಗ ಮುಖ್ಯ.

ಮೊದಲನೆಯದು ನನ್ನ ಸೆಟ್ಟನ್ನು ಕೊಂದದ್ದು: ಸ್ಪೀಕರನ್ನು ಓಡಿಸುವ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಅದರ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಸ್ವರ ತರುವ ಕಪ್ಲಿಂಗ್ ಕಂಡೆನ್ಸರ್. ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡ್. ಅದು ಸ್ವಲ್ಪ ಲೀಕ್ ಆದರೆ ಗ್ರಿಡ್‌ಗೆ ಪ್ಲಸ್ ವೋಲ್ಟೇಜ್ ಬರುತ್ತದೆ. ವಾಲ್ವ್ ಮಿತಿಮೀರಿ ಕರೆಂಟು ಎಳೆಯುತ್ತದೆ. ಆ ಕರೆಂಟು ಹೋಗುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯ ತಂತಿಯ ಮೂಲಕ. ಪರೀಕ್ಷೆ ಗಿರೀಕ್ಷೆ ಬೇಡ, 630 ವೋಲ್ಟಿನ ಹೊಸ ಫಿಲ್ಮ್ ಕಂಡೆನ್ಸರ್ ಹಾಕಿಬಿಡಿ. ಒಂದೇ ಕಂಡೆನ್ಸರ್ ಬದಲಿಸುವಷ್ಟು ಮಾತ್ರ ತಾಳ್ಮೆ ಇದ್ದರೆ ಇದನ್ನೇ ಬದಲಿಸಿ.

ಎರಡನೆಯದು ಔಟ್‌ಪುಟ್ ವಾಲ್ವಿನ ಆನೋಡಿನಿಂದ (ಪ್ರೈಮರಿಗೆ ಕೂಡಿದ ಒಳಗಿನ ತಗಡಿನಿಂದ) ಚಾಸಿಗೆ ಅಥವಾ ಪ್ರೈಮರಿಗೆ ಅಡ್ಡವಾಗಿ ಇರುವ ಚಿಕ್ಕ ಕಂಡೆನ್ಸರ್. ಚಾಸಿಗೆ ಹೋಗುವುದು ಶಾರ್ಟ್ ಆದರೂ ಪ್ರೈಮರಿ ಸುಡುತ್ತದೆ. ಅಷ್ಟೇ ಮೈಕ್ರೋಫ್ಯಾರಡ್‌ನ 1600 ವೋಲ್ಟಿನದು ಹಾಕಿ. ಮೂರನೆಯದು ಕರೆಂಟಿನ ಎರಡು ತಂತಿಗೆ ಅಡ್ಡ ಇರುವುದು. ಅಲ್ಲಿಗೆ ಎಕ್ಸ್2 ಅಂತ ಬರೆದ 275 ವೋಲ್ಟ್ ಎಸಿಯದೇ ಆಗಬೇಕು. ನಾಲ್ಕನೆಯದು ಎಸಿ/ಡಿಸಿ ಸೆಟ್ಟಿನಲ್ಲಿ ಏರಿಯಲ್ ಮತ್ತು ಅರ್ತ್ ಸಾಕೆಟ್ಟಿಗೆ ಹೋಗುವವು. ಏರಿಯಲ್ ತಂತಿ ಮುಟ್ಟಿದ ಮಗುವಿಗೂ 230 ವೋಲ್ಟಿಗೂ ನಡುವೆ ಇರುವುದು ಅದೊಂದೇ. ವೈ ದರ್ಜೆಯದು ಹಾಕಿ.

ಇನ್ನು ದೊಡ್ಡ ಎಲೆಕ್ಟ್ರೋಲಿಟಿಕ್, ಅಲ್ಯೂಮಿನಿಯಂ ಡಬ್ಬಿಯಲ್ಲಿ 32+32 ಅಥವಾ 50+50 ಮೈಕ್ರೋಫ್ಯಾರಡ್. ಹಳೆಯದನ್ನು ನಿಧಾನಕ್ಕೆ ಚಾರ್ಜ್ ಮಾಡಿ ಬದುಕಿಸಬಹುದು, ನಾನೂ ಮಾಡಿದ್ದೇನೆ. ಆರು ತಿಂಗಳಿಗೆ ಮತ್ತೆ ಗುಂಯ್ ಅಂದಿತು. ಈಗ ಡಬ್ಬಿಯನ್ನು ಅಂದಕ್ಕೆ ಮೇಲೆ ಹಾಗೇ ಬಿಟ್ಟು, ಕೆಳಗೆ ಅದರ ತಂತಿಗಳನ್ನು ಬಿಚ್ಚಿ, 450 ವೋಲ್ಟಿನ ಹೊಸ ಕಂಡೆನ್ಸರುಗಳನ್ನು ಚಾಸಿಯ ಅಡಿಯಲ್ಲಿ ಕೂರಿಸುತ್ತೇನೆ. 32ರ ಬದಲು 33 ಅಥವಾ 47 ನಡೆಯುತ್ತದೆ. ದೊಡ್ಡದಾದಷ್ಟೂ ಒಳ್ಳೆಯದು ಅಂತ 100, 220 ಹಾಕಬೇಡಿ. ಇಝಡ್80 ತನ್ನ ಮೊದಲ ಕಂಡೆನ್ಸರಾಗಿ ತಾಳುವುದು 50ರವರೆಗೆ ಮಾತ್ರ. ಅದಕ್ಕೂ ಹಳೇ ದಪ್ಪ ರೆಕ್ಟಿಫೈಯರುಗಳು ಇನ್ನೂ ಕಡಿಮೆ ತಾಳುತ್ತವೆ, ಅಲ್ಲಿ ಮೊದಲಿದ್ದಷ್ಟೇ ಇರಲಿ. ಮೈನಸ್ ತುದಿ ಎಲ್ಲ ಸೆಟ್ಟಿನಲ್ಲೂ ಚಾಸಿಗೇ ಹೋಗುವುದಿಲ್ಲ. ಕೆಲವುದರಲ್ಲಿ ಡಬ್ಬಿಯ ಕೆಳಗೆ ರಟ್ಟಿನ ಬಿಲ್ಲೆ ಇಟ್ಟು ಚಾಸಿಯಿಂದ ಬೇರೆ ಮಾಡಿರುತ್ತಾರೆ. ಹಳೆಯದರ ಮೈನಸ್ ಎಲ್ಲಿತ್ತೋ ಹೊಸದೂ ಅಲ್ಲಿಗೇ. ಪ್ಲಸ್ ಮೈನಸ್ ಅದಲು ಬದಲಾದರೆ ಪಟಾಕಿ.

ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಒಂದು ಬದಲಿಸಿ, ಒಂದು ನೋಡಿ. ಐದು ಒಟ್ಟಿಗೆ ಕಿತ್ತರೆ ಆರನೆಯದು ಎಲ್ಲಿತ್ತು ಅಂತ ರಾತ್ರಿ ನಿದ್ದೆ ಬರುವುದಿಲ್ಲ.

ಮೊದಲ ಸಲ ಕರೆಂಟು: ಸೀರೀಸ್ ಬಲ್ಬ್

ಫೇಸ್ ತಂತಿಯಲ್ಲಿ 60 ವಾಟಿನ ಹಳೇ ಕಾಲದ ತಂತಿಯ ಬಲ್ಬು ಸೀರೀಸಿನಲ್ಲಿ ಬರುವ ಹಾಗೆ ಒಂದು ಬೋರ್ಡ್ ಮಾಡಿಕೊಳ್ಳಿ. ಎಲೆಕ್ಟ್ರಿಷಿಯನ್ನುಗಳ ಬಳಿ ಇದು ಇದ್ದೇ ಇರುತ್ತದೆ. ಎಲ್‌ಇಡಿ, ಸಿಎಫ್‌ಎಲ್ ಆಗುವುದಿಲ್ಲ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಸರಿಯಾಗಿದ್ದರೆ ಒಂದು ಸಲ ಬೆಳಗಿ, ಹೀಟರ್ ಬಿಸಿಯಾದಂತೆ ಮಂಕಾಗುತ್ತದೆ. ಮಂಕಾದದ್ದು ಅರ್ಧ ನಿಮಿಷದ ಮೇಲೆ ಮತ್ತೆ ಜೋರಾದರೆ ರೆಕ್ಟಿಫೈಯರ್ ಎದ್ದ ಮೇಲೆ ಎಚ್‌ಟಿಯಲ್ಲಿ ಏನೋ ಎಳೆಯುತ್ತಿದೆ ಅಂತ ಅರ್ಥ. ಕೂಡಲೇ ಆಫ್ ಮಾಡಿ.

ಸ್ಪೀಕರ್ ಜೋಡಿಸದೆ ಮಾತ್ರ ಸೆಟ್ಟನ್ನು ಆನ್ ಮಾಡಬೇಡಿ. ಸೆಕೆಂಡರಿ ತೆರೆದಿದ್ದರೆ ಪ್ರೈಮರಿಯಲ್ಲಿ ಏಳುವ ವೋಲ್ಟೇಜ್ ಅದರ ಇನ್ಸುಲೇಶನ್ನನ್ನೇ ಒಡೆಯಬಹುದು. ಪ್ರೈಮರಿಯೇ ಕಡಿದಿದ್ದರೆ ಇನ್ನೊಂದು ಥರದ ಅನಾಹುತ: ಆನೋಡಿಗೆ ವೋಲ್ಟೇಜ್ ಇಲ್ಲ, ಸ್ಕ್ರೀನ್ ಗ್ರಿಡ್‌ಗೆ (ಅದರ ಪಕ್ಕದ ಎರಡನೇ ಜಾಲರಿಗೆ) ಇದೆ. ಇಡೀ ಕರೆಂಟು ಅದರ ಮೇಲೆ ಬೀಳುತ್ತದೆ. ವಾಲ್ವಿನ ಒಳಗೆ ಸಣ್ಣ ತಂತಿಗಳು ಕೆಂಪಗೆ ಕಾದು ವಾಲ್ವೇ ಹೋಗುತ್ತದೆ. ಸದ್ದಿಲ್ಲದ ಸೆಟ್ಟನ್ನು 'ಬಿಸಿಯಾಗಲಿ, ಬರಬಹುದು' ಅಂತ ಓಡಲು ಬಿಡುವುದು ಇದಕ್ಕೇ ತಪ್ಪು.

ಒಂದು ಕೈ ಜೇಬಿನಲ್ಲಿ. ಮೀಟರಿನ ಕಪ್ಪು ತಂತಿ ಎಚ್‌ಟಿ ಮೈನಸ್ಸಿಗೆ ಕ್ಲಿಪ್. ಬಲ್ಬು ಸುಮ್ಮನಿದ್ದರೆ ಅದನ್ನು 100 ವಾಟಿಗೆ ಬದಲಿಸಿ, ಆಮೇಲೆ ನೇರ ಕರೆಂಟಿಗೆ. ಆಗ ಇಝಡ್80 ಸೆಟ್ಟಿನ ಮೊದಲ ಕಂಡೆನ್ಸರಿನಲ್ಲಿ ಸುಮಾರು 250ರಿಂದ 290 ವೋಲ್ಟ್ ಡಿಸಿ, ಎಸಿ/ಡಿಸಿ ಸೆಟ್ಟಿನಲ್ಲಿ 200ರ ಆಸುಪಾಸು ಬರಬಹುದು.

ಈಗ ಇಡೀ ಕೆಲಸದ ಅತಿ ಮುಖ್ಯ ಅಳತೆ. ಔಟ್‌ಪುಟ್ ವಾಲ್ವಿನ ಕ್ಯಾಥೋಡ್ (ಹೀಟರ್ ಕಾಯಿಸುವ ಭಾಗ) ರೆಸಿಸ್ಟರಿನ ವೋಲ್ಟೇಜ್ ನೋಡಿ. ಇಎಲ್84ಕ್ಕೆ 135 ಓಮ್ ಇದ್ದರೆ ಅಲ್ಲಿ 7 ವೋಲ್ಟ್ ಬರಬೇಕು. 7 ಭಾಗಿಸು 135, ಅಂದರೆ 52 ಮಿಲಿಆಂಪ್. ಸರಿ. 11 ವೋಲ್ಟ್ ಬಂದರೆ 81 ಮಿಲಿಆಂಪ್ ಹರಿಯುತ್ತಿದೆ, ಆಫ್ ಮಾಡಿ. ಗ್ರಿಡ್‌ನಲ್ಲಿ ಸೊನ್ನೆಯೇ ಬರಬೇಕು. ಪ್ಲಸ್ ಒಂದು ವೋಲ್ಟ್ ಬಂದರೂ ಅನುಮಾನ. ಕಪ್ಲಿಂಗ್ ಹೊಸದಾಗಿದ್ದೂ ಬಂದರೆ ವಾಲ್ವೇ ಒಳಗೆ ಕೆಟ್ಟಿದೆ. ಬೇರೆ ವಾಲ್ವಾದರೆ ಅದರ ಡೇಟಾ ಶೀಟಿನಲ್ಲಿ ಆನೋಡ್ ಮತ್ತು ಸ್ಕ್ರೀನ್ ಕರೆಂಟು ಕೂಡಿಸಿ ಇದೇ ಲೆಕ್ಕ ಮಾಡಿ. ಈ ಎರಡು ನಿಮಿಷದ ಕೆಲಸ ಅವತ್ತು ಮಾಡಿದ್ದರೆ ಚಿಕ್ಕಪ್ಪನಿಗೆ ಮುಖ ತೋರಿಸಲು ಅಷ್ಟು ನಾಚಬೇಕಿರಲಿಲ್ಲ.

ಗುಂಯ್ ಅನ್ನುತ್ತಿದೆಯೇ?

ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದು ಹಾಗೇ ಇದ್ದರೆ ಪವರ್ ಸಪ್ಲೈ ಅಥವಾ ಔಟ್‌ಪುಟ್ ಕಡೆ. ಹೋದರೆ ವಾಲ್ಯೂಮ್ ಕಂಟ್ರೋಲಿಗಿಂತ ಹಿಂದೆ. ಎಸಿ/ಡಿಸಿ ಸೆಟ್ಟಿನ ಗುಂಯ್ 50 ಹರ್ಟ್ಸ್, ಕೆಳ ಸ್ವರ. ಎರಡು ಆನೋಡಿನ ರೆಕ್ಟಿಫೈಯರ್ ಇರುವ ಎಸಿ ಸೆಟ್ಟಿನದು 100 ಹರ್ಟ್ಸ್, ಅದರ ಮೇಲಿನ ಸ್ಥಾಯಿಯದೇ ಸ್ವರ. ತಂಬೂರಿ ಕೇಳಿದ ಕಿವಿಗೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಎಸಿ ಸೆಟ್ಟಿನಲ್ಲಿ 50ರ ಸ್ವರ ಕೇಳಿದರೆ ರೆಕ್ಟಿಫೈಯರಿನ ಒಂದು ಅರ್ಧ ಸತ್ತಿದೆ, ಅಥವಾ ಯಾವುದೋ ವಾಲ್ವಿನ ಹೀಟರ್ ಕ್ಯಾಥೋಡಿಗೆ ಲೀಕ್ ಆಗಿದೆ. ಸ್ಟೇಷನ್ ಸಿಕ್ಕಾಗ ಮಾತ್ರ ಗುಂಯ್ ಅಂದು, ಪಕ್ಕಕ್ಕೆ ಸರಿಸಿದರೆ ನಿಂತರೆ ರೆಕ್ಟಿಫೈಯರ್ ಆನೋಡಿನ ಬಳಿಯ 0.01ರ ಕಂಡೆನ್ಸರ್ ನೋಡಿ.

ಸ್ಪೀಕರ್

ಹರಿದ ಕೋನ್ ಕಂಡು ಎದೆಗುಂದಬೇಡಿ. ಜಿರಲೆ, ಇಲಿ ತಿಂದದ್ದನ್ನೂ ಸರಿಮಾಡಬಹುದು. ಟೀ ಬ್ಯಾಗಿನ ಕಾಗದ ಬಿಡಿಸಿ ತೊಳೆದು ಒಣಗಿಸಿ. ಫೆವಿಕಾಲಿಗೆ ಅರ್ಧದಷ್ಟು ನೀರು ಬೆರೆಸಿ. ಸೀಳಿನ ಎರಡು ಅಂಚು ಸೇರಿಸಿ, ಹಿಂಬದಿಯಿಂದ ಚಿಕ್ಕ ತುಂಡು ಕಾಗದ ಅಂಟಿಸಿ. ಒಣಗಿದ ಮೇಲೆ ಮುಂದಿನಿಂದ ತೆಳುವಾಗಿ ಒಂದು ಕೈ. ಫೆವಿಕ್ವಿಕ್ ಬೇಡ. ಗಟ್ಟಿಯಾಗಿ ಕೂತು ಪಕ್ಕದಲ್ಲೇ ಹೊಸ ಸೀಳು ತರುತ್ತದೆ.

'ಗೊರಗೊರ' ಅನ್ನುವ ಸ್ಪೀಕರಿಗೆ ಬೇರೆ ಕಾಯಿಲೆ. ಎರಡು ಹೆಬ್ಬೆರಳಿನಿಂದ ಕೋನನ್ನು ಎರಡೂ ಕಡೆ ಸಮವಾಗಿ ಮೆಲ್ಲಗೆ ಒತ್ತಿ ಬಿಡಿ. ಮರಳು ಉಜ್ಜಿದ ಹಾಗೆ ಅನಿಸಿದರೆ ಕೋನಿನ ಬುಡದ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ತಾಗುತ್ತಿದೆ. ಮಲೆನಾಡು, ಕರಾವಳಿಯ ತೇವಕ್ಕೆ ಹೀಗಾಗುವುದು ಜಾಸ್ತಿ. ಮೊದಲು ಸುಲಭದ ಮದ್ದು: ಸ್ಪೀಕರ್ ಬಿಚ್ಚಿ, ತಲೆಕೆಳಗು ಮಾಡಿ, ಅದೇ ತೂತುಗಳಿಗೆ ಮತ್ತೆ ಕೂರಿಸಿ. ಅರವತ್ತು ವರ್ಷ ಒಂದೇ ಕಡೆ ಜೋತುಬಿದ್ದ ಕೋನ್ ಈಗ ಇನ್ನೊಂದು ಕಡೆ ಜೋಲುತ್ತದೆ. ನಗಬೇಡಿ, ನನಗೆ ಎರಡು ಸೆಟ್ಟಿನಲ್ಲಿ ಇಷ್ಟೇ ಸಾಕಾಗಿದೆ. ಆಗದಿದ್ದರೆ ನಡುವಿನ ಟೋಪಿಯನ್ನು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ, ಅಂಟು ಟೇಪಿನ ಸಣ್ಣ ಪಟ್ಟಿ ಇಳಿಸಿ ಸಂದಿಯ ಕಬ್ಬಿಣದ ಪುಡಿ ತೆಗೆಯಿರಿ. ಕೋನನ್ನು ನಡುವೆ ಹಿಡಿದಿರುವ ಬಿಲ್ಲೆ, ಅಂದರೆ ಸ್ಪೈಡರ್, ಸ್ಕ್ರೂನಲ್ಲಿ ಕೂತಿದ್ದರೆ ಹಳೇ ಎಕ್ಸ್‌ರೇ ಫಿಲ್ಮಿನ ನಾಲ್ಕು ಸಣ್ಣ ಪಟ್ಟಿಗಳನ್ನು ಸುತ್ತಲೂ ಸಂದಿಗೆ ಇಳಿಸಿ, ಸ್ಕ್ರೂ ಸಡಿಲಿಸಿ, ಮತ್ತೆ ಬಿಗಿದು, ಪಟ್ಟಿ ಎಳೆದುಬಿಡಿ. ಮ್ಯಾಗ್ನೆಟ್ ಮಾತ್ರ ಬಿಚ್ಚಬೇಡಿ. ಹಳೇ ಆಲ್ನಿಕೋ ಮ್ಯಾಗ್ನೆಟ್ಟನ್ನು ಕಬ್ಬಿಣದ ಚೌಕಟ್ಟಿನಿಂದ ಬೇರೆ ಮಾಡಿದರೆ ಅದರ ಬಲ ಇಳಿಯುತ್ತದೆ, ಮತ್ತೆ ಜೋಡಿಸಿದರೂ ಪೂರ್ತಿ ವಾಪಸ್ ಬರುವುದಿಲ್ಲ.

ಬದಲಿ ಹಾಕಲೇಬೇಕಾದರೆ 4 ಓಮ್ ಸ್ಪೀಕರ್ 3.2ರ ಜಾಗಕ್ಕೆ ಆರಾಮಾಗಿ ಹೊಂದುತ್ತದೆ. 8 ಓಮ್ ಹಾಕಿದರೆ ವಾಲ್ವಿಗೆ ಕಾಣುವ ಲೋಡ್ ಎರಡೂವರೆ ಪಟ್ಟಾಗುತ್ತದೆ, ಬೇಡ. ಇಂದಿನ ಕಾರ್ ಸ್ಪೀಕರ್ ಅಂದವಾಗಿರುತ್ತದೆ, ಆದರೆ ಮೂರು ನಾಲ್ಕು ವಾಟಿಗೆ ಅದು ಪಿಸುಗುಟ್ಟುತ್ತದೆ. ಹಗುರ ಕಾಗದದ ಕೋನ್ ಇರುವ ಹಳೇ ಟಿವಿ, ಟೇಪ್ ರೆಕಾರ್ಡರಿನ ಸ್ಪೀಕರೇ ವಾಸಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿದ್ದರೆ ಲೆಕ್ಕ ಹೀಗೆ. ಇಎಲ್84ಕ್ಕೆ ಬೇಕಾದ ಲೋಡ್ ಸುಮಾರು 5200 ಓಮ್, ಸ್ಪೀಕರ್ 3.2. ಭಾಗಿಸಿ ವರ್ಗಮೂಲ ತೆಗೆದರೆ 40. ಸುತ್ತುಗಳ ಅನುಪಾತ ನಲವತ್ತಕ್ಕೆ ಒಂದು. ಕೈಯಲ್ಲಿರುವ ಗುರುತಿಲ್ಲದ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ 12 ವೋಲ್ಟ್ ಎಸಿ ಕೊಟ್ಟು ಸೆಕೆಂಡರಿ ಅಳೆಯಿರಿ, 0.3 ವೋಲ್ಟ್ ಬಂದರೆ ಅದೇ ಅನುಪಾತ. ಉಲ್ಟಾ ಕೊಡಬೇಡಿ: 6 ವೋಲ್ಟ್ ಸೆಕೆಂಡರಿಗೆ ಕೊಟ್ಟರೆ ಆ ಕಡೆ 240 ಬಂದು ಕೂತಿರುತ್ತದೆ. ಬೆಂಗಳೂರಿನವರು ಎಸ್‌ಪಿ ರೋಡಿನಲ್ಲಿ ಹುಡುಕಬಹುದು. ಬೇರೆ ಊರಿನವರು ಮೋಟಾರ್ ವೈಂಡಿಂಗ್ ಅಂಗಡಿಯವರನ್ನು ಒಲಿಸಿಕೊಂಡರೆ ಸುತ್ತಿಕೊಡುತ್ತಾರೆ. ಮೈಕ್‌ಸೆಟ್ಟಿನವರ 100 ವೋಲ್ಟ್ ಲೈನ್ ಟ್ರಾನ್ಸ್‌ಫಾರ್ಮರ್ ತಾತ್ಕಾಲಿಕಕ್ಕೆ ನಡೆಯುತ್ತದೆ. 100ರ ವರ್ಗ ಭಾಗಿಸು 2 ವಾಟ್, 5000 ಓಮ್. ಆದರೆ ಅದನ್ನು ಡಿಸಿ ಹರಿಯಲಿ ಅಂತ ಮಾಡಿಲ್ಲ, ಹಾಗಾಗಿ ತಬಲದ ಬಾಯಾ ಕೇಳಿಸುವುದಿಲ್ಲ.

ಇನ್ನು 1930-40ರ ದಶಕದ ಸೆಟ್ಟಾದರೆ ಸ್ಪೀಕರಿನಿಂದ ಎರಡರ ಬದಲು ನಾಲ್ಕೈದು ತಂತಿ ಹೊರಟಿರುತ್ತವೆ. ಅದು ಫೀಲ್ಡ್ ಕಾಯಿಲ್ ಸ್ಪೀಕರ್. ಬಲವಾದ ಮ್ಯಾಗ್ನೆಟ್ ಅಗ್ಗಕ್ಕೆ ಸಿಗದ ಕಾಲ, ಹಾಗಾಗಿ ದೊಡ್ಡ ಕಾಯಿಲ್ ಸುತ್ತಿ ವಿದ್ಯುತ್ತಿನಿಂದಲೇ ಮ್ಯಾಗ್ನೆಟ್ ಮಾಡುತ್ತಿದ್ದರು. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ 1925ರಲ್ಲಿ ಮುಂದಿಟ್ಟ ಕೋನ್ ಸ್ಪೀಕರೂ ಇದೇ ಥರದ್ದು. ಜಾಣತನ ಏನೆಂದರೆ ಅದೇ ಕಾಯಿಲ್ ಪವರ್ ಸಪ್ಲೈಯ ಚೋಕ್ (ಡಿಸಿಯ ಏರಿಳಿತ ತಗ್ಗಿಸುವ ಸುರುಳಿ) ಕೂಡ ಹೌದು. ಎಚ್‌ಟಿ ಕರೆಂಟು ಸ್ಪೀಕರ್ ಮೂಲಕವೇ ಹಾದು ಶುದ್ಧವಾಗಿ ಬರುತ್ತದೆ. ಹಾಗಾಗಿ ಸ್ಪೀಕರಿನ ಪ್ಲಗ್ ಕಿತ್ತು ಆನ್ ಮಾಡಿದರೆ ಸೆಟ್ಟಿಗೇ ಎಚ್‌ಟಿ ಇಲ್ಲ. ಮೊದಲ ಕಂಡೆನ್ಸರಿನಲ್ಲಿ ಮಾತ್ರ ವೋಲ್ಟೇಜ್ ಮಿತಿಮೀರುತ್ತದೆ. ಕಾಯಿಲ್ 1000ದಿಂದ 2500 ಓಮ್ ಇರಬಹುದು. ಕಡಿದುಹೋಗಿ ಸಾಧಾರಣ ಸ್ಪೀಕರ್ ಹಾಕುವುದಾದರೆ ಆ ಜಾಗಕ್ಕೆ ಅಷ್ಟೇ ಓಮ್ ತುಂಬಿಸಬೇಕು. 1500 ಓಮ್‌ನಲ್ಲಿ 60 ಮಿಲಿಆಂಪ್ ಹರಿದರೆ 90 ವೋಲ್ಟ್, ಐದೂವರೆ ವಾಟ್. ಬರೀ ರೆಸಿಸ್ಟರ್ ಹಾಕಿದರೆ ಗುಂಯ್ ಹೆಚ್ಚುತ್ತದೆ. 10 ಹೆನ್ರಿಯ ಚೋಕ್ ಹಾಕಿ, ಅದರ ಓಮ್ ಕಳೆದು ಉಳಿದದ್ದಕ್ಕೆ 15 ವಾಟಿನ ರೆಸಿಸ್ಟರ್ ಸೇರಿಸಿ.

ಬ್ಯಾಟರಿ ಸೆಟ್ಟು

ಇದಕ್ಕೆ ಬೇಕಾದ್ದು 90 ವೋಲ್ಟ್ ಮತ್ತು 1.4 ವೋಲ್ಟ್. ಹಳೇ ಇಟ್ಟಿಗೆಯಂಥ ಬ್ಯಾಟರಿ ಈಗ ಎಲ್ಲಿ. 9 ವೋಲ್ಟಿನ ಹತ್ತು ಬ್ಯಾಟರಿಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ 90 ಆಯಿತು. ಫಿಲಮೆಂಟಿಗೆ (ಈ ವಾಲ್ವ್‌ಗಳ ಹೀಟರಿಗೆ) ಒಂದು ದೊಡ್ಡ ಟಾರ್ಚ್ ಸೆಲ್. ಕೂಡಿಸುವ ಮುಂಚೆ ತಂತಿಗಳನ್ನು ಎರಡು ಸಲ ನೋಡಿ. 90 ಹೋಗಿ 1.4ರ ಜಾಗಕ್ಕೆ ಮುಟ್ಟಿದರೆ ನಾಲ್ಕು ವಾಲ್ವೂ ಒಂದೇ ಮಿಂಚಿಗೆ ಹೋಗುತ್ತವೆ.

ಕೊನೆಗೆ ಸೆಟ್ಟನ್ನು ಮೀಡಿಯಂ ವೇವಿಗೆ ತಿರುಗಿಸಿ. ಡಯಲಿನಲ್ಲಿ ಮೀಟರ್ ಲೆಕ್ಕ ಇದ್ದರೆ ಬೆಂಗಳೂರಿನ 612 ಕಿಲೋಹರ್ಟ್ಸ್ ಸುಮಾರು 490ರ ಬಳಿ, ಧಾರವಾಡದ 765 ಸುಮಾರು 392ರ ಬಳಿ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆಫ್ ಮಾಡಿ ಕೇಳಿ, ಅವುಗಳ ಕರಕರವನ್ನು ರೇಡಿಯೋದ ತಲೆಗೆ ಕಟ್ಟಬೇಡಿ. ಎರಡು ಗಂಟೆ ಕಣ್ಣಳತೆಯಲ್ಲೇ ಓಡಲಿ. ಆಫ್ ಮಾಡಿ, ಪ್ಲಗ್ ಕಿತ್ತು, ಕಂಡೆನ್ಸರ್ ಖಾಲಿ ಮಾಡಿ, ಟ್ರಾನ್ಸ್‌ಫಾರ್ಮರ್ ಮೇಲೆ ಅಂಗೈ ಇಡಿ. ಹತ್ತು ಸೆಕೆಂಡು ಇಡಲು ಆದರೆ ರಟ್ಟು ಮುಚ್ಚಬಹುದು. ಕಿತ್ತ ಹಳೇ ಕಂಡೆನ್ಸರುಗಳನ್ನು ಒಂದು ಪೊಟ್ಟಣ ಕಟ್ಟಿ, ಯಾವುದು ಎಲ್ಲಿತ್ತು ಅಂತ ಚೀಟಿ ಬರೆದು, ಡ್ರಾಪರಿನ ಬಿಸಿಗೆ ದೂರವಾಗಿ ಕ್ಯಾಬಿನೆಟ್ಟಿನ ಮೂಲೆಗೆ ಅಂಟಿಸಿಡಿ. ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ.